ಹಿರಿಯವಳು ಆರಿಸಿದ ಮಿಷನ್ನು

ಒಂದಾನೊಂದು ಮನೆಯಲ್ಲಿ ಇಬ್ಬರು ಓರಗಿತ್ತಿಯರಿದ್ದರು. ರಾಜನ ಹಿರಿರಾಣಿ ಕಿರಿರಾಣಿಯರ ಹಾಗೆ ಒಬ್ಬಳು ಕೆಳಗೆ, ಇನ್ನೊಬ್ಬಳು ಮಹಡಿಯ ಮೇಲೆ. ರಾಜ್ಯವೆಂದರೆ ಎರಡು ಅಡುಗೆಮನೆ, ನಡುವೆ ಹದಿನಾಲ್ಕು ಮೆಟ್ಟಿಲು, ಇಬ್ಬರಿಗೂ ಸೇರಿ ಒಬ್ಬರೇ ಅತ್ತೆ. ಕಥೆಗಳಲ್ಲಿ ಕಿರಿಯವಳು ಯಾವಾಗಲೂ ಒಳ್ಳೆಯವಳು, ಹಿರಿಯವಳಿಗೆ ಹೊಟ್ಟೆಕಿಚ್ಚು. ಅದು ಯಾಕೆ ಹಾಗೆ ಎಂದು ಈ ಹಿರಿಯವಳನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳು: ಕಿರಿಯವಳು ಬರುವ ತನಕ ನಾನೂ ಒಳ್ಳೆಯವಳೇ ಆಗಿದ್ದೆ.

ಇಬ್ಬರೂ ಬಟ್ಟೆ ಹೊಲಿಯುತ್ತಿದ್ದರು. ಹಿರಿಯವಳು ಹದಿನೈದು ವರ್ಷದಿಂದ, ಕಿರಿಯವಳು ಮೂರು ವರ್ಷದಿಂದ. ಅದೂ ಹಿರಿಯವಳ ಪಕ್ಕದಲ್ಲೇ ಕೂತು ಕಲಿತದ್ದು. ಅತ್ತೆ ಕಿರಿಯವಳ ಹೊಲಿಗೆಯನ್ನು ಬೆಳಕಿಗೆ ಹಿಡಿದು, "ಇರುವೆ ಸಾಲು ಹೋದ ಹಾಗಿದೆ ನೋಡು" ಅನ್ನುತ್ತಿದ್ದರು. ಹಿರಿಯವಳದ್ದನ್ನು ಎಳೆದು ನೋಡಿ, "ಗಟ್ಟಿಯಾಗಿದೆ" ಅನ್ನುತ್ತಿದ್ದರು. ಗಟ್ಟಿ ಅನ್ನುವುದು ಹಗ್ಗಕ್ಕೆ ಹೇಳುವ ಮಾತು. ಅದು ಹಿರಿಯವಳ ಎದೆಯಲ್ಲಿ ಮುರಿದ ಸೂಜಿಯ ಹಾಗೆ ಉಳಿದುಬಿಟ್ಟಿತ್ತು.

ಹೋದ ತಿಂಗಳು ಇಬ್ಬರೂ ಒಟ್ಟಿಗೇ ಹೋಗಿ, ಒಂದೇ ಅಂಗಡಿಯಲ್ಲಿ, ಒಂದೇ ಥರದ ಎರಡು ಕರೆಂಟಿನ ಮಿಷನ್ ತಂದರು. ಮೇಜಿನ ಮೇಲಿಟ್ಟ ಎರಡು ಡಬ್ಬಗಳಲ್ಲಿ ಒಂದರ ಮೂಲೆ ಜಜ್ಜಿಹೋಗಿತ್ತು.

"ಹಿರಿಯವಳು ನಾನು, ಮೊದಲು ನಾನೇ ಆರಿಸ್ತೀನಿ" ಎಂದು ಹಿರಿಯವಳು ನೆಟ್ಟಗಿದ್ದ ಡಬ್ಬವನ್ನು ಎದೆಗವಚಿಕೊಂಡಳು.

"ತಗೊಳ್ಳಿ ಅಕ್ಕ, ನಾನೇನು ಡಬ್ಬದಲ್ಲಿ ಹೊಲೀತೀನಾ?" ಎಂದು ಕಿರಿಯವಳು ಜಜ್ಜಿದ್ದನ್ನು ಎತ್ತಿಕೊಂಡಳು.

ಜಜ್ಜಿದ ಡಬ್ಬದ ಮಿಷನ್ನು ಮಹಡಿಯ ಮೇಲೆ ಜೇನುನೊಣದ ಹಾಗೆ ಗುಂಯ್‌ಗುಟ್ಟತೊಡಗಿತು. ಹಿರಿಯವಳದ್ದು ಐದು ಹೊಲಿಗೆ ಹಾಕಿ ಆರನೆಯದನ್ನು ಬಿಟ್ಟು ನೆಗೆಯುತ್ತಿತ್ತು. ಸೂಜಿ ಬದಲಾಯಿಸಿದಳು, ದಾರ ಬದಲಾಯಿಸಿದಳು, ಬಾಬಿನ್ ತೆಗೆದು ಒರೆಸಿದಳು, ಎಣ್ಣೆ ಬಿಟ್ಟಳು. ಅದು ಕುಂಟುಬಿಲ್ಲೆ ಆಡುವುದನ್ನು ಬಿಡಲಿಲ್ಲ. ಅಂಗಡಿಗೆ ಒಯ್ಯಬೇಕೆಂದು ಬಿಲ್ಲನ್ನು ಮಡಚಿ ಪರ್ಸಿಗೆ ಹಾಕಿಕೊಂಡಳು. ಆದರೆ ಒಯ್ದರೆ ಮನೆಗೆಲ್ಲ ಗೊತ್ತಾಗುತ್ತದೆ. ಆರಿಸಿ ಆರಿಸಿ ಕೆಟ್ಟದ್ದನ್ನೇ ತಂದಳು ಎಂದು ಕಿರಿಯವಳು ನಗದೇ ಇದ್ದರೂ, ಆ ನಗದೇ ಇರುವುದನ್ನು ಸಹಿಸಬೇಕು. ಬಿಲ್ಲು ಪರ್ಸಿನಲ್ಲೇ ಮೂರು ವಾರ ಕೂತಿತು.

ಅಷ್ಟರಲ್ಲಿ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಭುಜದ ಮೂಳೆ ಬಿರುಕು ಬಿಟ್ಟಿತು. ಕೈ ಎತ್ತುವ ಹಾಗಿಲ್ಲ. ಮಾವನ ಹಳೆಯ ಷರಟನ್ನು ಹೆಗಲಿಗೆ ಹೊದ್ದುಕೊಂಡು ಕೂತ ಅತ್ತೆ, "ಗುರುವಾರ ಡಾಕ್ಟರು ಬಾ ಅಂದಿದಾರೆ. ಈ ವೇಷದಲ್ಲಿ ಹೇಗಮ್ಮ ಹೋಗ್ಲಿ?" ಎಂದು ಮುಖ ಸಣ್ಣ ಮಾಡಿದರು.

ಕಿರಿಯವಳು ಬಾಯಿ ತೆರೆಯುವ ಮೊದಲೇ ಹಿರಿಯವಳು ಹೇಳಿಬಿಟ್ಟಳು: "ನಾನು ಹೊಲಿದುಕೊಡ್ತೀನಿ ಅತ್ತೆ. ತೋಳು ಪೂರ್ತಿ ಬಿಚ್ಚಿಕೊಳ್ಳೋ ಹಾಗೆ, ಹೆಗಲಿಂದ ಕೆಳಗಿನ ತನಕ ಗುಂಡಿ ಇಟ್ಟು. ಗುರುವಾರಕ್ಕೆ ನಿಮ್ಮ ಮೈಮೇಲಿರುತ್ತೆ."

ಮಾತು ಕೊಟ್ಟಾಯಿತು. ಭಾನುವಾರ ತಿಳಿನೀಲಿ ಬಟ್ಟೆ ಕತ್ತರಿಸಿದಳು. ಹೊಲಿಯಲು ಕೂತರೆ ಮಿಷನ್ನು ಮತ್ತೆ ನೆಗೆಯಿತು. ಮೇಲಿನಿಂದ ಗುಂಯ್ ಎಂಬ ಸದ್ದು ಬರುತ್ತಲೇ ಇತ್ತು. ಆ ಸದ್ದು ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆಯುತ್ತಿತ್ತು.

ಸೋಮವಾರ ಮಧ್ಯಾಹ್ನ ಕಿರಿಯವಳು ಮಗಳನ್ನು ಶಾಲೆಯಿಂದ ಕರೆತರಲು ಹೋದಳು. ಹಿರಿಯವಳು ತನ್ನ ಮಿಷನ್ನನ್ನು ಸೊಂಟಕ್ಕೇರಿಸಿಕೊಂಡು ಹದಿನಾಲ್ಕು ಮೆಟ್ಟಿಲು ಹತ್ತಿದಳು, ಅವಳದ್ದನ್ನು ಎತ್ತಿಕೊಂಡು ಹದಿನಾಲ್ಕು ಮೆಟ್ಟಿಲು ಇಳಿದಳು. ಏದುಸಿರು ಬಿಡುತ್ತಾ ಅತ್ತೆಯ ಅಂಗಿಯ ಬಲದೋಳು ಹೊಲಿದಳು. ಒಂದು ಹೊಲಿಗೆಯೂ ತಪ್ಪಲಿಲ್ಲ. ಇರುವೆ ಸಾಲು.

ಕಿರಿಯವಳೂ ಇನ್ನು ತನ್ನ ಹಾಗೇ ಒಳಗೊಳಗೇ ಬೇಯುತ್ತಾಳೆ ಎಂದುಕೊಂಡಿದ್ದಳು ಹಿರಿಯವಳು. ಅದೇ ತಪ್ಪಾಯಿತು. ಮಂಗಳವಾರ ಬೆಳಗ್ಗೆ ಕಿರಿಯವಳು ಮಿಷನ್ನನ್ನು ಹಳೆಯ ಹೊದಿಕೆಯಲ್ಲಿ ಸುತ್ತಿಕೊಂಡು ಕೆಳಗಿಳಿದು ಬಂದಳು.

"ಅಕ್ಕ, ಇದಕ್ಕೇನೋ ಬಂದಿದೆ. ರಾತ್ರಿ ಬೆಳಗಾಗೋದ್ರಲ್ಲಿ ಕಾಲು ಉಳುಕಿಸ್ಕೊಂಡಿದೆ. ಐದು ದಿಂಬಿನ ಗವಸು ಹಾಳಾಯ್ತು. ಅಂಗಡಿಗೆ ಹೋಗಿ ಬೇರೆ ತರ್ತೀನಿ. ನೀವೂ ಬನ್ನಿ, ಒಂದು ಕಡೆ ಹಿಡ್ಕೊಳ್ಳಿ."

ಬೇರೆ ತರುತ್ತಾಳಂತೆ. ಅಂದರೆ ಹೊಚ್ಚ ಹೊಸದು! ತನಗೆ ಮೂರು ವಾರ ಕೈಗೂಡದ್ದು ಇವಳಿಗೆ ಒಂದು ಬೆಳಗಿನ ಕೆಲಸ. ಹೋಗದಿದ್ದರೆ ಅನುಮಾನ, ಹೋದರೆ ಕಣ್ಣಾರೆ ನೋಡಬೇಕು. ಹಿರಿಯವಳು ಪರ್ಸು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟಳು.

ಅಂಗಡಿಯ ಯಜಮಾನ ಕನ್ನಡಕ ಮೇಲೇರಿಸಿ ಗೋಡೆಯ ಕಡೆ ಬೆರಳು ತೋರಿಸಿದ. "ಬೋರ್ಡ್ ಓದ್ಲಿಲ್ವೇನಮ್ಮ? ಮಾರಿದ ಮಾಲು ವಾಪಸ್ ಇಲ್ಲ."

"ಓದ್ದೆ ಸ್ವಾಮಿ" ಎಂದಳು ಕಿರಿಯವಳು. "ಬಣ್ಣ ಇಷ್ಟ ಆಗ್ಲಿಲ್ಲ ಅಂತ ಬಂದೋರಿಗೆ ಆ ಬೋರ್ಡು. ಕೆಟ್ಟ ಮಾಲು ಕೊಟ್ಟಾಗ ಬೋರ್ಡು ನಡೆಯಲ್ಲ."

"ಹಾಗಾದ್ರೆ ಕಂಪನಿಗೆ ಬರೀರಿ. ನಾವು ಬರೀ ಮಾರೋರು."

"ದುಡ್ಡು ಎಣಿಸಿಕೊಂಡೋರು ನೀವು, ಬಿಲ್ಲಲ್ಲಿ ಹೆಸ್ರು ನಿಮ್ಮಂಗಡೀದು. ಹುಳ ಬಿದ್ದ ಹಣ್ಣು ಮಾರಿ, ಹೋಗಿ ಮರಾನ ಕೇಳು ಅಂದ್ರೆ?"

ಸಾಲಿನಲ್ಲಿ ನಿಂತಿದ್ದ ದರ್ಜಿಯೊಬ್ಬ ಕಿಸಕ್ಕೆಂದ. ಯಜಮಾನ ದನಿ ತಗ್ಗಿಸಿದ. "ರಿಪೇರಿಗೆ ಕಳಿಸ್ತೀನಿ. ಎರಡು ತಿಂಗಳಾಗಬಹುದು."

"ತಂದು ಒಂದು ತಿಂಗಳಾಗಿಲ್ಲ, ರಿಪೇರಿಗೆ ಎರಡು ತಿಂಗಳಾ? ಬೇರೆ ಕೊಡಿ, ಇಲ್ಲಾ ದುಡ್ಡು ಕೊಡಿ. ಎರಡೂ ಆಗಲ್ಲ ಅಂದ್ರೆ, ಆಗಲ್ಲ ಅಂತ ಒಂದು ಚೀಟೀಲಿ ಬರೆದು ಸೀಲ್ ಒತ್ತಿ. ಗ್ರಾಹಕರ ಕೋರ್ಟಲ್ಲಿ ಕಾಗದ ಕೇಳ್ತಾರೆ."

ಅವಳು ಕೂಗಲಿಲ್ಲ, ಕಣ್ಣೀರು ಹಾಕಲಿಲ್ಲ. ತರಕಾರಿ ಚೌಕಾಸಿ ಮಾಡುವ ಹಾಗೆ ಮೊಣಕೈ ಊರಿ ನಿಂತಿದ್ದಳು. ಹಿರಿಯವಳಿಗೆ ಆ ಮೊಣಕೈಯ ಮೇಲೂ ಹೊಟ್ಟೆಕಿಚ್ಚು ಬಂತು.

ಯಜಮಾನ ಸೀಲಿನ ಕಡೆ ನೋಡಿ, ಸಾಲಿನ ಕಡೆ ನೋಡಿ, ಹೊಸ ಡಬ್ಬವೊಂದನ್ನು ಇಳಿಸಿದ. ಕಿರಿಯವಳು ಕೊಟ್ಟ ಬಿಲ್ಲಿನ ನಂಬರಿಗೆ ತಾಳೆ ನೋಡಲು ಮಿಷನ್ನನ್ನು ಮಗುಚಿ, ಅಡಿಯಲ್ಲಿದ್ದ ತಗಡಿನ ನಂಬರು ಓದಿದ. ಮತ್ತೆ ಓದಿದ. ಅವನ ಮುಖಕ್ಕೆ ಕಳೆ ಬಂತು.

"ಇದು ಈ ಬಿಲ್ಲಿನ ಮಿಷನ್ನೇ ಅಲ್ಲ. ಯಾರದೋ ಕೆಟ್ಟಿರೋದನ್ನ ತಂದು ಹೊಸದು ಹೊಡ್ಕೊಂಡು ಹೋಗೋಣ ಅಂತಾನಾ? ಕೋರ್ಟು ಅಂದ್ರಲ್ಲ, ನಾನೇ ಪೊಲೀಸ್ರನ್ನ ಕರೀತೀನಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಹಿರಿಯವಳ ಕೈ ಪರ್ಸಿಗೆ ಹೋಯಿತು. ಕಿರಿಯವಳ ಕಿವಿ ಕೆಂಪಾಗಿತ್ತು. ಊರಿದ್ದ ಮೊಣಕೈ ಮೊದಲ ಬಾರಿಗೆ ಮೇಜಿನಿಂದ ಕೆಳಗಿಳಿಯಿತು. ಎಷ್ಟು ವರ್ಷದಿಂದ ಕಾದಿದ್ದ ನೋಟ! ಸಾಲಿನವರೆಲ್ಲ ಅವಳನ್ನು ಮೇಲಿಂದ ಕೆಳಗೆ ನೋಡುತ್ತಿದ್ದರು. ಸುಮ್ಮನಿದ್ದರೆ ಸಾಕಿತ್ತು. ಆದರೆ ಬಾಯಿಗೆ ಬಂದ ಆ ಸಿಹಿ ಗಂಟಲಲ್ಲಿ ಇಳಿಯಲಿಲ್ಲ.

"ಆ ಮಿಷನ್ನು ನಂದು" ಎಂದು ಮುಂದೆ ಬಂದು, ಮಡಿಕೆಗಳಲ್ಲಿ ಸವೆದ ಬಿಲ್ಲನ್ನು ಮೇಜಿನ ಮೇಲೆ ಹರಡಿದಳು. "ತಂದ ದಿನದಿಂದ್ಲೂ ಕೆಟ್ಟದ್ದೇ. ನಾನೇ..."

"ಒಂದೇ ಮನೇಲಿ ಎರಡು ಮಿಷನ್ನು ಸ್ವಾಮಿ, ಅದಲುಬದಲಾಗಿದೆ" ಎಂದು ಕಿರಿಯವಳು ಅವಳ ಮಾತನ್ನು ಅಲ್ಲೇ ಕತ್ತರಿಸಿದಳು. "ನಂಬರು ಸರಿ ಇದೆಯಲ್ಲ? ಹಾಗಾದ್ರೆ ಹೊಸದು ಅಕ್ಕನ ಬಿಲ್ಲಿಗೆ ಕೊಡಿ."

ಒಳ್ಳೆಯತನದಲ್ಲೂ ಇವಳೇ ಮುಂದೆ. ಅದೂ ಉರಿಯಿತು.

ಡಬ್ಬದ ಎರಡು ಬದಿ ಹಿಡಿದು ಇಬ್ಬರೂ ಮನೆಯ ಕಡೆ ನಡೆದರು. ತಿರುವಿನಲ್ಲಿ ಕಿರಿಯವಳು ಕೇಳಿದಳು, "ಕೇಳಿದ್ರೆ ನಾನೇ ಬಂದು ಅಂಗಡಿಯವನ ಹತ್ರ ಜಗಳ ಆಡ್ತಿದ್ನಲ್ಲ ಅಕ್ಕ?"

"ನಿನ್ನ ಹತ್ರ ಕೇಳೋದಕ್ಕಿಂತ ಕದಿಯೋದು ಸುಲಭ ಅನ್ನಿಸ್ತು ಕಣೆ."

"ಅತ್ತೆಗೆ ಹೇಳಲ್ಲ. ಹಾಗಂತ ನನಗೆ ಸಿಟ್ಟಿಲ್ಲ ಅಂದ್ಕೋಬೇಡಿ. ಐದು ದಿಂಬಿನ ಗವಸಿದೆ, ಪ್ರತಿ ಹೊಲಿಗೆ ಬಿಚ್ಚಿಕೊಡಬೇಕು."

"ಕೊಡ್ತೀನಿ. ಅಂಗಿ ಆದ್ಮೇಲೆ."

ಕಿರಿಯವಳ ಮಿಷನ್ನು ಮಹಡಿಗೆ ಹೋಯಿತು, ಹೊಸದು ಕೆಳಗೆ ಕೂತಿತು. ಬುಧವಾರ ಹಿರಿಯವಳು ಮೊದಲು ಮಾಡಿದ ಕೆಲಸ, ಅಂಗಿಯ ಬಲದೋಳನ್ನು ಬಿಚ್ಚಿದ್ದು. ಅತ್ತೆ ಅದನ್ನೇ ಬೆಳಕಿಗೆ ಹಿಡಿದು ಹೊಗಳಿದರೆ ಹೊಗಳಿಕೆ ಮೇಲಿನ ಮನೆಯ ಮಿಷನ್ನಿಗೆ ಸೇರಿಬಿಡುತ್ತದಲ್ಲ! ಎರಡು ತೋಳು, ಎರಡು ಬದಿ, ಕೊರಳಪಟ್ಟಿ ಎಲ್ಲವನ್ನೂ ಹೊಸದಾಗಿ ಹೊಲಿದಳು.

ಗುರುವಾರ ಬೆಳಗ್ಗೆ ಅತ್ತೆ ಮಂಚದ ಅಂಚಿನಲ್ಲಿ ಕೂತರು. ತೆರೆದ ಅಂಗಿ ಹೆಗಲ ಮೇಲೆ ಇಳಿಯಿತು. ನೋವಿನ ಕೈ ಅಲ್ಲಾಡಲೇ ಇಲ್ಲ. ಮೆಟ್ಟಿಲಿಳಿದು ಬಂದ ಕಿರಿಯವಳು ಬಾಗಿಲಲ್ಲಿ ನಿಂತು, "ಗುಂಡಿ ನಾನು ಹಾಕ್ಲಾ ಅಕ್ಕ?" ಎಂದಳು.

"ಬೇಡ. ಮಾತು ಕೊಟ್ಟೋಳು ನಾನು."

ಮೊಣಕಾಲೂರಿ ಹೆಗಲಿನಿಂದ ಒಂದೊಂದೇ ಹಾಕುತ್ತಾ ಬಂದು, ಮಣಿಕಟ್ಟಿನ ಬಳಿಯ ಒಂಬತ್ತನೆಯ ಗುಂಡಿಯನ್ನು ಹಿರಿಯವಳು ಕಾಜದೊಳಗೆ ದಾಟಿಸಿದಳು.