ಸಾಹೇಬರ ಮುಖದ ಬಟ್ಟೆ

"ಮುಖ ಮುಂದಕ್ಕೆ ಬರಂಗೆ ಸುತ್ಕೊಳ್ರೇ, ಕತ್ತೆ ಮುಂಡೇವಾ. ಸಾಹೇಬ್ರು ಹೊಟ್ಟೆ ಮ್ಯಾಲೆ ಕಾಣ್ಬೇಕು," ಎಂದು ಮೇಸ್ತ್ರಿ ಸಿಕಾಜ್ವೆ ಒದರುತ್ತಿದ್ದ.

ಕಿಟ್ವೆಯ ಹೊಸ ತಾಂತ್ರಿಕ ಕಾಲೇಜಿನ ಗೇಟಿನ ಮುಂದೆ ಜಲ್ಲಿ ಒಡೆಯುವ ಹೆಂಗಸರು ನಿಂತಿದ್ದರು. ಒಬ್ಬೊಬ್ಬರ ಕೈಯಲ್ಲೂ ಹೊಸ ಚಿತೆಂಗೆ ಬಟ್ಟೆ, ಅದರ ನಟ್ಟನಡುವೆ ಎಂಜಿನಿಯರಿಂಗ್ ಕಂಪನಿಯ ದೊಡ್ಡ ಸಾಹೇಬರ ತಟ್ಟೆಯಗಲದ ನಗುಮುಖ. ಕಾಲೇಜು ಕಟ್ಟಿಸಿಕೊಟ್ಟ ಆ ಸಾಹೇಬರು ಉದ್ಘಾಟನೆಗೆ ಬರುವಾಗ ಅದನ್ನು ಸೊಂಟಕ್ಕೆ ಸುತ್ತಿ ಇವರು ಕುಣಿಯಬೇಕು. ಹೆಂಗಸರು ಕುಣಿದು, ನಾಲಿಗೆ ಹೊರಳಿಸಿ ಕೇಕೆ ಹಾಕದೆ ದೊಡ್ಡವರು ಒಳಗೆ ಕಾಲಿಡುವ ಪದ್ಧತಿ ಆ ಊರಲ್ಲಿಲ್ಲ.

ಸಾಲಿನಲ್ಲಿ ನಿಂತಿದ್ದ ಚಿಲುಫ್ಯಾಳಿಗೆ ನಿನ್ನೆಯ ಸಿಟ್ಟು ಇನ್ನೂ ಆರಿರಲಿಲ್ಲ. ಇದೇ ಕಟ್ಟಡದ ಪಾಯಕ್ಕೆ ಜಲ್ಲಿ ಒಡೆಯುವಾಗ, ನಿಮ್ಮ ಮಕ್ಕಳಿಗೇ ಮೊದಲ ಸೀಟು ಎಂದು ಪ್ರಿನ್ಸಿಪಾಲರು ಎಲ್ಲರೆದುರು ಮಾತು ಕೊಟ್ಟಿದ್ದರು. ನಿನ್ನೆ ಮಗಳು ಮುಸೊಂಡಾಳನ್ನು ವೆಲ್ಡಿಂಗ್ ತರಗತಿಗೆ ಸೇರಿಸಲು ಹೋದರೆ, ಸೀಟೆಲ್ಲ ಕಂಪನಿಯವರ ಮಕ್ಕಳಿಗಾಯಿತು, ಬೇಕಾದರೆ ಇವಳು ಕಸ ಗುಡಿಸಲು ಬರಲಿ ಎಂದು ಅವರೇ ನಕ್ಕು ಕಳಿಸಿದ್ದರು. ಬೆಸುಗೆಯ ಕಿಡಿ ಕಂಡರೆ ಊಟ ಬಿಟ್ಟು ನಿಲ್ಲುವ ಹುಡುಗಿ, ಮನೆಗೆ ಬಂದು ಶಿಮಾ ಮುದ್ದೆಯನ್ನೂ ಮುಟ್ಟಲಿಲ್ಲ.

ಪಕ್ಕದಲ್ಲಿದ್ದ ಮುದುಕಿ ನ್ಸೋಫು ಬಟ್ಟೆಯನ್ನು ತಿರುಗಿಸಿ ನೋಡಿ ಕಿಸಕ್ಕನೆ ನಕ್ಕಳು. "ಲೇ ಮುಸೊಂಡಾನ ಅವ್ವಾ, ಈ ಮುಖ ಹಿಂದ್ಕೆ ಬಂದ್ರೆ ಹೆಂಗಿರ್ತದೆ?"

ಚಿಲುಫ್ಯಾಳಿಗೂ ನಗು ಬಂತು. ನಗುವಿನ ಬೆನ್ನಿಗೇ ಉಪಾಯವೂ ಬಂತು. ಅವಳು ಕಿವಿಯಲ್ಲಿ ಹೇಳಿದ್ದು ಸಾಲಿನ ತುದಿ ಮುಟ್ಟುವಷ್ಟರಲ್ಲಿ ಹೆಂಗಸರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದಿದ್ದರು.

ಕಾರು ಬಂತು. ಹೆಂಗಸರು ಮುಖ ಮುಂದೆ ಬರುವಂತೆ ಬಟ್ಟೆ ಸುತ್ತಿಕೊಂಡು, ಕೇಕೆ ಹಾಕಿ ಕುಣಿದರು, ಸಾಹೇಬರು ಕಿಟಕಿಯಿಂದ ಕೈಬೀಸಿದರು. ಆಮೇಲೆ ಎಲ್ಲರೂ ಬಟ್ಟೆಯನ್ನು ಸರ್ರನೆ ಹಿಂದಕ್ಕೆ ತಿರುಗಿಸಿಕೊಂಡು, ಗೇಟಿಗೆ ಅಡ್ಡಲಾಗಿ ಕೆಮ್ಮಣ್ಣಿನ ಮೇಲೆ ಅಂಡೂರಿ ಕುಳಿತರು.

ಪ್ರಿನ್ಸಿಪಾಲರು ಬಿದ್ದಂಬೀಳ ಓಡಿ ಬಂದರು. "ಎದ್ದೇಳ್ರಮ್ಮಾ, ಸಾಹೇಬ್ರ ಮೇಲೆ ಕೂತಿದ್ದೀರಲ್ಲ," ಎಂದು ಗೋಗರೆದರು. ನಿನ್ನೆ 'ಎಲೇ' ಎಂದಿದ್ದ ಬಾಯಲ್ಲಿ ಇವತ್ತು ಅಮ್ಮ ಬಂದಿತ್ತು.

"ಇಷ್ಟ್ ದಿನ ಅವ್ರು ನಮ್ ತಲೆ ಮ್ಯಾಲೆ ಕೂತಿದ್ರಲ್ಲ, ನಾವೇನಾರ ಏಳಿ ಅಂದ್ವಾ?" ಎಂದಳು ಚಿಲುಫ್ಯಾ. "ನಮ್ ಮಕ್ಳು ಒಳಗೆ ಬೆಂಚಿನ ಮ್ಯಾಲೆ ಕೂರ್ಲಿ. ಆಮ್ಯಾಕೆ ನಾವು ಏಳ್ತೀವಿ."

ಸಿಕಾಜ್ವೆ ದೊಣ್ಣೆ ಎತ್ತಿದ, ಉದ್ಘಾಟನೆಗೆ ಬಂದಿದ್ದ ಫೋಟೋದವರನ್ನು ಕಂಡು ಇಳಿಸಿದ. ನ್ಸೋಫು ಅತ್ತಿತ್ತ ಮಿಸುಕಾಡಿ, ಇನ್ನಷ್ಟು ಒತ್ತಿ ಕುಳಿತಳು.

ಕಾರು ಹಾರ್ನ್ ಹೊಡೆಯಿತು. ಹೆಂಗಸರು ಅದಕ್ಕೂ ಒಂದು ಕೇಕೆ ಹಾಕಿದರು.