ಹತ್ತು ಲಕ್ಷದ ಮೂರು

ಬಸ್ ಕಂಡಕ್ಟರ್ ಆಗಿದ್ದ ಮಗಳು ಡ್ಯೂಟಿ ಮುಗಿಸಿ ಬಂದ ಕೂಡಲೇ ಅಪ್ಪನಿಗೊಂದು ಟಿಕೆಟ್ ನಂಬರ್ ಹೇಳಬೇಕು, ಅದು ಆ ಮನೆಯ ಕ್ರಮ. ಗಣಿತದ ಮೇಷ್ಟ್ರಾಗಿ ನಿವೃತ್ತರಾಗಿದ್ದ ಅಪ್ಪ ಕಣ್ಣು ಮುಚ್ಚಿ, ಏಳರಿಂದ ಹೋಗುತ್ತೆ, ಹದಿಮೂರರಿಂದ ಹೋಗುತ್ತೆ ಎಂದು ಅದನ್ನು ಒಡೆದು ಹಾಕುತ್ತಿದ್ದರು. ಯಾವುದರಿಂದಲೂ ಭಾಗವಾಗದ ಅವಿಭಾಜ್ಯ ಸಂಖ್ಯೆ ಸಿಕ್ಕರಂತೂ "ಒಡೆಯಲ್ಲ ಕಣೇ!" ಎಂದು ಹಿಗ್ಗಿ ಹೀರೇಕಾಯಿಯಾಗುತ್ತಿದ್ದರು.

ಮರೆವಿನ ಕಾಯಿಲೆ ಬಂದಾಗ ಊಟ ಮಾಡಿದ್ದು ಮರೆತರು, ಸತ್ತ ಹೆಂಡತಿಯ ಹೆಸರು ಮರೆತರು. ಲೆಕ್ಕ ಮಾತ್ರ ಗಟ್ಟಿಯಾಗಿತ್ತು. ಒಂದು ಸಂಜೆ ಅದೂ ಕೈಕೊಟ್ಟಿತು. ತೊಂಬತ್ತೊಂದು ಒಡೆಯಲ್ಲ ಎಂದುಬಿಟ್ಟರು.

"ಏಳು ಹದಿಮೂರ್ಲಿ ತೊಂಬತ್ತೊಂದಲ್ವಾ ಅಪ್ಪಾ?" ಎಂದಳು ಮಗಳು. ಅಪ್ಪ ಬಿಕ್ಕಿ ಬಿಕ್ಕಿ ಅತ್ತರು.

ಮಾರನೆಯ ದಿನದಿಂದ ಅವಳು ಟಿಕೆಟ್ ನಂಬರ್ ಹೇಳುವುದನ್ನೇ ಬಿಟ್ಟಳು. ಊಟದ ಬಿಡುವಿನಲ್ಲಿ ಖಾಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು, ಮೊಬೈಲಿನಲ್ಲಿ ಹುಡುಕಿ, ಒಡೆಯದ ಸಂಖ್ಯೆಗಳನ್ನೇ ಆರಿಸಿ ತಂದಳು. ಅಪ್ಪ "ಒಡೆಯಲ್ಲ" ಎನ್ನುತ್ತಿದ್ದರು, ಅದು ಸರಿಯಾಗಿಯೇ ಇರುತ್ತಿತ್ತು. ಬರಬರುತ್ತಾ ತಾನೇ ಹೂಡಿದ ಆಟಕ್ಕೆ ತಾನೇ ಮರುಳಾದಳು, ಪಾಪ. ಅಪ್ಪನ ತಲೆ ಇನ್ನೂ ಚುರುಕಾಗಿದೆ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದಳು.

ಅಪ್ಪ ಒಮ್ಮೆ ಬೀದಿಯಲ್ಲಿ ಕಳೆದುಹೋಗಿ ಸಿಕ್ಕಿದ ಮೇಲೆ ಆಸ್ಪತ್ರೆ ಸೇರಿದರು. ಬೀಗ ಹಾಕುವ ವಾರ್ಡಿಗೆ ಕಳಿಸುವುದೇ ವಾಸಿ ಎಂದರು ಡಾಕ್ಟರು. "ಅವರಿಗೆ ಏನೂ ತಿಳಿಯಲ್ಲಮ್ಮಾ. ಅಲ್ಲಿಗೆ ಹೋದ್ರೆ ಮತ್ತೆ ಮನೆಗೆ ಬರೋದು ಸುಳ್ಳು. ಆದ್ರೆ ಬೇರೆ ದಾರಿ ಇಲ್ಲ."

"ತಿಳಿಯುತ್ತೆ ಡಾಕ್ಟ್ರೇ, ನೀವೇ ನೋಡಿ." ಅವಳು ಮಂಚದ ತುದಿಯಲ್ಲಿ ಕೂತಳು. "ಅಪ್ಪಾ, ಹತ್ತು ಲಕ್ಷದ ಮೂರು."

ಏಳು ಅಂಕಿಯ ಅವಿಭಾಜ್ಯಗಳಲ್ಲಿ ಅದೇ ಎಲ್ಲಕ್ಕಿಂತ ಚಿಕ್ಕದು. ಹಿಂದಿನ ದಿನವೇ ಹುಡುಕಿಟ್ಟುಕೊಂಡಿದ್ದಳು.

ಅಪ್ಪ ಕಣ್ಣು ಮುಚ್ಚಿದರು. "ಒಡೆಯಲ್ಲ."

ಡಾಕ್ಟರು ಮೊಬೈಲು ನೋಡಿ ಹುಬ್ಬೇರಿಸಿದರು. ಮಗಳಿಗೆ ಹೋದ ಜೀವ ಬಂದಂತಾಯಿತು. ಡಾಕ್ಟರೇನೂ ಕಟುಕರಲ್ಲ, ಅವರಿಗೂ ಆಸೆ ಹುಟ್ಟಿತು. ಬಗ್ಗಿ ಕೇಳಿದರು, "ಹಾಗಾದ್ರೆ ಹತ್ತು ಲಕ್ಷದ ಎರಡು, ಮೇಷ್ಟ್ರೇ?"

ಸಮಸಂಖ್ಯೆ. ಸ್ಲೇಟು ಹಿಡಿದ ಮಗುವೂ ಎರಡರಿಂದ ಒಡೆದೀತು. ಎರಡು ಅನ್ನು ಅಪ್ಪಾ, ಒಂದೇ ಒಂದು ಸಲ ಅನ್ನು ಎಂದು ಮಗಳು ಒಳಗೊಳಗೇ ಗೋಗರೆದಳು.

"ಒಡೆಯಲ್ಲ."

ಡಾಕ್ಟರು ನರ್ಸಿಗೆ ಸನ್ನೆ ಮಾಡಿದರು. ಮಗಳಿಗೆ ತಡೆಯಲಾಗಲಿಲ್ಲ. "ಅಪ್ಪಾ, ಬರೀ ನಾಲ್ಕು?"

"ಒಡೆಯಲ್ಲ" ಎಂದ ಅಪ್ಪ, ಸರಿಯೋ ತಪ್ಪೋ ಎಂದು ಅವಳ ಮುಖವನ್ನೇ ನೋಡಿದರು. ತುಟಿ ಅದುರುತ್ತಿತ್ತು, ಆ ತೊಂಬತ್ತೊಂದರ ಸಂಜೆ ಅಳುವ ಮುನ್ನ ಅದುರಿದ ಹಾಗೆಯೇ.

"ಸರಿ ಅಪ್ಪಾ, ಸರಿಯಾಗೇ ಹೇಳಿದೆ" ಎಂದಳು. ಅಪ್ಪ ಹಿಗ್ಗಿದರು. ನರ್ಸ್ ಗಾಲಿಕುರ್ಚಿ ತಂದಾಗ, ಮನೆಗೇ ಹೊರಟವರ ಹಾಗೆ ತಾವಾಗಿಯೇ ಎದ್ದು ಅದರಲ್ಲಿ ಕೂತರು.