ನದಿಯಿಂದ ಎದ್ದು ಬಂದ ತಮ್ಮ

ಹತಾನೊ ಸುಮಿಯೆ ಅವರ ಮಕ್ಕಳ ಕಾದಂಬರಿಯನ್ನು ನಾನು ಒಂಬತ್ತನೇ ವಯಸ್ಸಿನಲ್ಲಿ ಹನ್ನೊಂದು ಸಲ ಓದಿದ್ದೆ. ತಮ್ಮ ನದಿಗಿಳಿಯುತ್ತಾನೆ, ಮರಳುವುದಿಲ್ಲ. ಅಕ್ಕ ದಡದಲ್ಲಿ ಕಾಯುತ್ತಲೇ ದೊಡ್ಡವಳಾಗುತ್ತಾಳೆ. ಅದನ್ನು ನಮ್ಮ ಸ್ಟುಡಿಯೋ ಅನಿಮೇಶನ್ ಚಿತ್ರ ಮಾಡಲಿದೆ ಎಂದು ತಿಳಿದಾಗ ಒಗಿಕುಬೊ ರೈಲು ಸ್ಟೇಷನ್ನಿನಲ್ಲೇ ಕುಣಿದುಬಿಟ್ಟೆ! ಲೇಖಕಿ ಮೂರು ಸಲ ಒಲ್ಲೆ ಎಂದಿದ್ದರು. ನಾಲ್ಕನೇ ಸಲ ಪತ್ರ ಬರೆದವಳು ನಾನು: 'ತಮ್ಮ ಮರಳಿ ಬರುವುದಿಲ್ಲ, ನಂಬಿ.' ಒಪ್ಪಿದರು.

ಆಗ ಚಿತ್ರದ ಕೊನೆ ಇನ್ನೂ ಹಾಳೆಗೆ ಇಳಿದೇ ಇರಲಿಲ್ಲ. ನಮ್ಮಲ್ಲಿ ಹಾಗೇ. ನಿರ್ದೇಶಕರು ಕೊನೆಯ ದೃಶ್ಯಗಳ ಕರಡು ಚಿತ್ರಗಳನ್ನು, ಅಂದರೆ ಸ್ಟೋರಿಬೋರ್ಡ್, ಬರೆಯುವಷ್ಟರಲ್ಲಿ ನಾವು ಆರಂಭದ ದೃಶ್ಯಗಳನ್ನು ಮುಗಿಸಿರುತ್ತೇವೆ. ಇಲ್ಲದ ಹಾಳೆಯ ಬಗ್ಗೆ ಮಾತು ಕೊಟ್ಟಿದ್ದೆ.

ಎರಡು ವರ್ಷ ಕಳೆದು ಒಂದು ಮಂಗಳವಾರ ಆ ಕೊನೆಯ ಹಾಳೆಗಳು ಬಂದವು. ತಮ್ಮ ನೀರಿನಿಂದ ಎದ್ದು ಬರುತ್ತಿದ್ದ.

"ಸರ್, ಇವ್ನು ಬರಲ್ಲ!" ಎಂದೆ.

ನಿರ್ದೇಶಕ ಕುರೋಸು ನೂಡಲ್ಸ್ ಹೀರುತ್ತಿದ್ದರು. "ಬಂದ್ಬಿಟ್ನಲ್ಲಮ್ಮ, ಏನ್ ಮಾಡ್ಲಿ? ಎರಡ್ ವರ್ಷದಿಂದ ಆ ಹುಡ್ಗೀನ ದಡದಲ್ಲಿ ಕೂರ್ಸಿದೀನಿ. ಇನ್ನು ನನ್ ಕೈಲಾಗಲ್ಲ."

"ನಾನು ಮಾತು ಕೊಟ್ಟಿದೀನಿ."

"ಯಾರು ಕೊಡು ಅಂದ್ರು? ಮಿನೆಗಿಶಿ, ನೀನು ಚಿತ್ರ ಬಿಡ್ಸೋಳು, ವಕೀಲೆ ಅಲ್ಲ. ಅವನ್ ಮುಖ ನೀನೇ ಬರಿ. ಪುಸ್ತಕ ಬಾಯಿಪಾಠ ಇದೆಯಲ್ಲ!"

ಬರೆದೆ. ಯಾರಿಗೂ ಹೇಳದೆ ಆ ಹಾಳೆಗಳ ನಕಲು ಹಿಡಿದು ಭಾನುವಾರ ಓಮೆಯಲ್ಲಿರುವ ಲೇಖಕಿಯ ಮನೆಗೆ ಹೋದೆ.

ಅವರು ಕನ್ನಡಕ ಒರೆಸಿಕೊಂಡು ಒಂದೊಂದೇ ಹಾಳೆ ನೋಡಿದರು. ರೆಪ್ಪೆಯಿಂದ ನೀರು ತೊಟ್ಟಿಕ್ಕುವ, ನಗುವ ತಮ್ಮನ ಮುಖ.

"ಇದ್ನ ಬರೀವಾಗ ಅಳು ಬಂತಾ?"

"ಇಲ್ಲ ಮೇಡಂ." ಸುಳ್ಳು ಹೇಳಬಹುದಿತ್ತು. "ಖುಷಿ ಆಯ್ತು."

"ನಂಗೂ ಆಗ್ತಿದೆ ನೋಡು." ಹಾಳೆಗಳನ್ನು ಮಗುಚಿಟ್ಟರು. "ಅದಕ್ಕೇ ಬೇಡ ಅಂದಿದ್ದು. ನನ್ ತಮ್ಮ ಹೋದ್ಮೇಲೆ ನಮ್ಮಪ್ಪ ದಿನಾ ನದಿ ಹತ್ರ ಹೋಗೋರು. ಇವತ್ತು ಬರ್ತಾನೆ, ಇವತ್ತು ಬರ್ತಾನೆ ಅಂತ. ಸಾಯೋವರ್ಗೂ ಹೋದ್ರು. ನಾನೂ ಇದೀನಿ ಮನೇಲಿ ಅನ್ನೋದೇ ಮರ್ತಿದ್ರು. ಬರಲ್ಲ ಅಂತ ಯಾರಾದ್ರೂ ಹೇಳ್ಬೇಕಿತ್ತು. ಯಾರೂ ಹೇಳ್ಲಿಲ್ಲ, ನಾನೇ ಬರ್ದೆ."

ಕ್ಷಮೆ ಕೇಳಿ ನಾನು ತಲೆ ತಗ್ಗಿಸಿ ಚಾಪೆಗೆ ಹಣೆ ಹಚ್ಚಿದೆ.

"ಏಳು, ಸಾಕು. ನಿಮ್ ಸರ್‌ಗೆ ಫೋನ್ ಮಾಡು. ಒಪ್ಪಿಗೆ ವಾಪಸ್ ತಗೊಂಡ್ರು ಅನ್ನು. ಇಲ್ಲೇ, ನನ್ನೆದುರಿಗೇ."

ಫೋನ್ ಮಾಡಿದೆ. ಸ್ಟುಡಿಯೋದಲ್ಲಿ ನಲವತ್ತು ಜನ ಭಾನುವಾರವೂ ಕೂತು ಬರೆಯುತ್ತಿದ್ದರು.

"ಏನಮ್ಮ, ಎಲ್ಲಿ ಕಾಣೆ ಆದೆ?" ಎಂದರು ಕುರೋಸು.

ಹೇಳಿದೆ. ಅವರ ಹಿಂದೆ ಯಾರೋ ಏನಕ್ಕೋ ಜೋರಾಗಿ ನಗುತ್ತಿದ್ದರು. ಚಿತ್ರ ನಿಂತುಹೋಯಿತೆಂದು ಆ ನಲವತ್ತು ಜನಕ್ಕೆ ಇನ್ನೂ ಗೊತ್ತಾಗಿರಲಿಲ್ಲ.